ಚವಳಿ ಅಂಟಿನ ಬ್ಯಾಟರಿ ಜರ್ಮನಿಗೆ ಹೋದದ್ದು

ಹೊರಡುವ ಮುಂಚೆ

ಜರ್ಮನಿಗೆ ಹೋಗಿ ಬಂದವರು ಕೋಟೆ, ಕಾರು, ಹಿಮ ಇವುಗಳ ಬಗ್ಗೆ ಬರೆಯುತ್ತಾರೆ. ನಾನು ಅಲ್ಲಿ ಬಹಳ ಹೊತ್ತು ನೋಡಿದ್ದು ಒಂದು ಚಮಚದಷ್ಟು ನೀರನ್ನು. ಅದೇ ನೀರು ಧಾರವಾಡದಲ್ಲಿ ಹೇಳಿದ ಮಾತು ಕೇಳುತ್ತಿತ್ತು, ಜರ್ಮನಿಯಲ್ಲಿ ಕೇಳುತ್ತಿರಲಿಲ್ಲ. ಯಾಕೆ ಎಂದು ತಿಳಿಯಲು ನಾನೂ ನನ್ನ ಸಂಶೋಧನಾ ವಿದ್ಯಾರ್ಥಿನಿ ದಾನೇಶ್ವರಿಯೂ ವಿಮಾನ ಹತ್ತಬೇಕಾಯಿತು.

ನಾನು ಧಾರವಾಡದಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಕೆಲವು ವರ್ಷಗಳಿಂದ ನಮ್ಮ ಪುಟ್ಟ ಲ್ಯಾಬಿನಲ್ಲಿ ಸತುವಿನ ಬ್ಯಾಟರಿಯ ಕೆಲಸ ನಡೆದಿದೆ. ಅಮರಗೋಳದಲ್ಲಿ ಹತ್ತಿ, ಕಾಳಿನ ವ್ಯಾಪಾರ ಮಾಡುವ ನಮ್ಮ ಯಜಮಾನರಿಗೆ ಇದರ ಮೇಲೆ ಇವತ್ತಿಗೂ ಪೂರ್ತಿ ನಂಬಿಕೆ ಬಂದಿಲ್ಲ.

“ಇನ್ವರ್ಟರ್ ಬ್ಯಾಟ್ರಿಗೆ ನಾವೂ ನೀರ ಹಾಕತೇವಿ. ನೀ ಅದರಾಗ ಹೊಸಾದು ಏನ ಮಾಡಾಕತ್ತಿ?” ಎಂದು ಊಟಕ್ಕೆ ಕೂತಾಗ ಕೇಳುತ್ತಾರೆ.

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಇನ್ವರ್ಟರಿನಲ್ಲಿರುವುದು ಸೀಸ ಮತ್ತು ಆಮ್ಲ. ಫೋನಿನೊಳಗಿನ ಬ್ಯಾಟರಿಯಲ್ಲಿರುವ ದ್ರವಕ್ಕೆ ಬೆಂಕಿ ಹತ್ತುತ್ತದೆ. ನಮ್ಮದರಲ್ಲಿ ಇರುವುದು ಸತುವಿನ ತಗಡು ಮತ್ತು ಸತುವಿನ ಉಪ್ಪು ಕರಗಿಸಿದ ನೀರು. ಬೆಂಕಿಯ ಭಯವಿಲ್ಲ, ಬೆಲೆಯೂ ಕಡಿಮೆ. ಆದರೆ ತಂಟೆ ಒಂದಿದೆ. ಚಾರ್ಜ್ ಮಾಡಿದಾಗಲೆಲ್ಲ ನೀರಿನಲ್ಲಿರುವ ಸತು ತಗಡಿಗೆ ವಾಪಸ್ ಬಂದು ಕೂರಬೇಕು. ನೆಲ ಸಾರಿಸಿದ ಹಾಗೆ ಸಪಾಟಾಗಿ ಕೂತರೆ ಸರಿ. ಅದು ಹಾಗೆ ಕೂರದೆ ಜಾಲಿಮುಳ್ಳಿನ ಹಾಗೆ ಬೆಳೆಯುತ್ತದೆ. ಆ ಮುಳ್ಳು ಎರಡು ಬದಿಗಳ ನಡುವೆ ಇಟ್ಟ ಕಾಗದವನ್ನು ಚುಚ್ಚಿ ಆಚೆ ಬದಿಗೆ ತಾಗಿದ ದಿನ ಸೆಲ್, ಅಂದರೆ ಆ ಪುಟ್ಟ ಬ್ಯಾಟರಿ, ಸತ್ತಂತೆ. ಹೀಗಾಗಿ ಎಲ್ಲ ಜಾಣತನವೂ ನಡುವಿನ ಆ ನೀರಿನಲ್ಲಿದೆ. ಅದರಲ್ಲಿ ಏನು ಬೆರೆಸಿದರೆ ಸತು ತೆಪ್ಪಗೆ ಕೂರುತ್ತದೆ ಎಂದು ಜಗತ್ತಿನ ತುಂಬ ಜನ ಹುಡುಕುತ್ತಿದ್ದಾರೆ. ಪುಸ್ತಕದಲ್ಲಿ ಅದಕ್ಕೆ ಎಲೆಕ್ಟ್ರೋಲೈಟ್ ಎಂದು ಹೆಸರು. ನಮ್ಮ ಲ್ಯಾಬಿನಲ್ಲಿ ಅದು ಸಾರು.

ದಾನೇಶ್ವರಿ ಉಪ್ಪಿನಬೆಟಗೇರಿಯವಳು. ಲ್ಯಾಬಿನಲ್ಲಿ ಅವಳು ಒಳಗೆ ಬಂದಳೆಂದರೆ ರೇಡಿಯೋ ಹಚ್ಚಿದಂತೆ. ಬೇರೆಯವರು ವಿದೇಶದಿಂದ ದುಬಾರಿ ಪುಡಿಗಳನ್ನು ತರಿಸುವಾಗ ಇವಳು ಚವಳಿಕಾಯಿ ಬೀಜದ ಅಂಟನ್ನು ಸಾರಿಗೆ ಬೆರೆಸಿದಳು. ಪಲ್ಯಕ್ಕೆ ಹಾಕುವ ಅದೇ ಚವಳಿಕಾಯಿ, ಕೆಲವರು ಗೋರಿಕಾಯಿ ಅನ್ನುವುದು. ಸತು ಎಷ್ಟು ಸಪಾಟಾಗಿ ಕೂತಿತೆಂದರೆ ಸೂಕ್ಷ್ಮದರ್ಶಕದಲ್ಲಿ ನೋಡಿ ನಾನು ನನ್ನ ಕನ್ನಡಕ ಒರೆಸಿಕೊಂಡೆ. ಒಂದೆರಡು ದಿನದಲ್ಲಿ ಸಾಯುತ್ತಿದ್ದ ಸೆಲ್ಲುಗಳು ವಾರಗಟ್ಟಲೆ ನಡೆದವು.

ಜರ್ಮನಿಯ ಪ್ರೊಫೆಸರ್ ಹೈಕೆ ನನ್ನ ಹಳೆಯ ಪರಿಚಯ. ಅವರೂ ನಾವೂ ಸೇರಿ ಒಂದು ಲೇಖನ ಬರೆದು ಸಂಶೋಧನಾ ಪತ್ರಿಕೆಗೆ ಕಳಿಸಿದ್ದೆವು. ಅಷ್ಟರಲ್ಲಿ ಅವರ ಇಮೇಲ್ ಬಂತು. “ನಿಮ್ಮ ಫಲಿತಾಂಶ ನಮ್ಮಲ್ಲಿ ಬರುತ್ತಿಲ್ಲ. ಸೆಲ್ಲುಗಳು ಬೇಗ ಸಾಯುತ್ತಿವೆ. ಇಬ್ಬರೂ ಬನ್ನಿ. ನೀವು ಬಂದ ಮೇಲೂ ನಡೆಯದಿದ್ದರೆ ಲೇಖನವನ್ನು ವಾಪಸ್ ತೆಗೆದುಕೊಳ್ಳೋಣ.” ದಾನೇಶ್ವರಿಯ ಪಿಎಚ್.ಡಿ. ನಿಂತಿದ್ದೇ ಆ ಲೇಖನದ ಮೇಲೆ. ಅವಳಿಗೆ ಅದಕ್ಕಿಂತ ಚುಚ್ಚಿದ್ದು ಬೇರೆ.

“ನಾ ಸುಳ್ಳ ಬರದೇನಿ ಅಂತ ತಿಳ್ಕೊಂಡಾರೇನ್ರಿ ಮೇಡಂ ಅವರು?” ಎಂದಳು. ಕಣ್ಣು ಕೆಂಪಾಗಿದ್ದವು.

ಹಾಗೇನೂ ಇಲ್ಲ ಎಂದು ಸಮಾಧಾನ ಹೇಳಿದೆ. ಜೊತೆಗೆ ಹಿರಿಯಳ ಗತ್ತಿನಲ್ಲಿ ಒಂದು ಉಪದೇಶವನ್ನೂ ಕೊಟ್ಟೆ. “ನೋಡವಾ, ನಾವು ಅವರ ಮನಿಗೆ ಬೀಗರಾಗಿ ಹೊಂಟೇವಿ. ಬೀಗರ ಮನ್ಯಾಗ ಉಪ್ಪು ಕಮ್ಮಿ, ಖಾರ ಜಾಸ್ತಿ ಅಂತ ಅಂತೇವೇನು? ಎಲ್ಲಾ ಛಲೋ ಆಗೇತ್ರಿ ಅಂದು ಎದ್ದ ಬರತೇವಿ. ಅಲ್ಲೆ ಬಾಯಿ ಬಿಗಿ ಹಿಡಿ.” ಅವಳು ಗೋಣು ಹಾಕಿದಳು.

ಕಸ್ಟಮ್ಸ್ ಮೇಜಿನ ಮುಂದೆ

ನಮ್ಮ ಚೀಲದಲ್ಲಿ ಚವಳಿ ಅಂಟಿನ ಪುಡಿ ಇತ್ತು. ನಾವು ಬಳಸಿದ ಅಂಟೇ ಬೇರೆ, ಅವರದೇ ಬೇರೆ ಎಂಬ ಮಾತಿಗೆ ಜಾಗ ಇರಬಾರದೆಂದು ನಮ್ಮ ಲ್ಯಾಬಿನಲ್ಲಿ ಬಳಸುವ ಅದೇ ಡಬ್ಬಿಯದನ್ನು ಕಟ್ಟಿಕೊಂಡಿದ್ದೆವು. ಕೆನೆ ಬಣ್ಣದ ನುಣುಪಾದ ಪುಡಿ, ಪ್ಲಾಸ್ಟಿಕ್ ಪೊಟ್ಟಣ. ಫ್ರಾಂಕ್‌ಫರ್ಟಿನ ಕಸ್ಟಮ್ಸ್ ಅಧಿಕಾರಿ ಅದನ್ನು ಎತ್ತಿ ಹಿಡಿದ. ಇಬ್ಬರು ಹೆಂಗಸರು, ಒಂದು ಪೊಟ್ಟಣ ಪುಡಿ. ಮರುದಿನದ ಪತ್ರಿಕೆಯ ತಲೆಬರಹ ಕಣ್ಣ ಮುಂದೆ ಬಂತು. ಯಜಮಾನರು ಅದನ್ನು ಅಂಗಡಿಯಲ್ಲಿ ಕೂತು ಗಟ್ಟಿಯಾಗಿ ಓದುವುದೂ ಕಿವಿಗೆ ಬಿತ್ತು.

“ಇದು ಒಂದು ತರಕಾರಿ” ಎಂದೆ ಇಂಗ್ಲಿಷಿನಲ್ಲಿ. ಅದಕ್ಕಿಂತ ದಡ್ಡ ಉತ್ತರ ಯಾರೂ ಕೊಟ್ಟಿರಲಾರರು. ಅವನು ನಮ್ಮ ಕಾಗದಪತ್ರ ತಿರುವಿ ಹಾಕಿ, ಅಂಟಿನ ಹೆಸರು ಓದಿ, ಒಮ್ಮೆಲೇ ನಕ್ಕ. ಅವರ ಐಸ್‌ಕ್ರೀಮಿಗೆಲ್ಲ ಅದನ್ನೇ ಹಾಕುತ್ತಾರಂತೆ. ಪೊಟ್ಟಣ ಪಾರಾಯಿತು.

ಸಿಕ್ಕಿಬಿದ್ದದ್ದು ಪೇಢೆ. ಹಾಲಿನ ಪದಾರ್ಥ ಹೊರದೇಶದಿಂದ ತರುವಂತಿಲ್ಲವಂತೆ. ಹೈಕೆಗೆ, ಅವರ ತಾಯಿಗೆ, ಲ್ಯಾಬಿನವರಿಗೆ ಎಂದು ತಂದ ಪೇಢೆಯ ಪೆಟ್ಟಿಗೆಗಳನ್ನು ಅವನು ಒಂದೊಂದಾಗಿ ಎತ್ತಿ ಕಸದ ಪೆಟ್ಟಿಗೆಗೆ ಹಾಕಿದ. ಹಾಕುವಾಗಲೂ ಮರ್ಯಾದೆಯಿಂದಲೇ ಹಾಕಿದ, ಅದು ಇನ್ನೂ ಸಂಕಟ.

“ಒಂದ ತಿಂದು ನೋಡಿ ಒಗೀರಿ ಅನ್ರಿ ಮೇಡಂ” ಎಂದು ದಾನೇಶ್ವರಿ ನನ್ನ ತೋಳು ಹಿಡಿದು ಎಳೆದಳು. ಹೇಳಲಿಲ್ಲ. ತಿಂದಿದ್ದರೆ ಅವನ ಕೆಲಸಕ್ಕೇ ಕುತ್ತು ಬರುತ್ತಿತ್ತೇನೋ.

ನದಿ ದಂಡೆಯ ಊರು

ನಾವು ಇಳಿದ ಊರಿನ ಹೆಸರನ್ನು ಸರಿಯಾಗಿ ಉಚ್ಚರಿಸಲು ನನಗೆ ಕೊನೆಯ ದಿನದವರೆಗೂ ಬರಲಿಲ್ಲ, ಆದ್ದರಿಂದ ಬರೆಯುವುದೂ ಇಲ್ಲ. ನದಿ, ಹಳೆಯ ಸೇತುವೆ, ಕೆಂಪು ಹೆಂಚಿನ ಮನೆಗಳು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲದಿದ್ದಾಗ ಒಬ್ಬ ಅಜ್ಜ ಕೆಂಪು ದೀಪದ ಮುಂದೆ ನಿಂತೇ ಇದ್ದ. ನಾವು ಹುಬ್ಬಳ್ಳಿಯ ರೂಢಿಯಲ್ಲಿ ದಾಟಿಬಿಟ್ಟೆವು. ಅಜ್ಜ ಏನೋ ಗಟ್ಟಿಯಾಗಿ ಅಂದ. ಭಾಷೆ ಬರದಿದ್ದರೂ ಅರ್ಥವಾಯಿತು. ವಾಪಸ್ ಹೋಗಿ ಅವನ ಪಕ್ಕದಲ್ಲಿ ನಿಂತು, ಹಸಿರು ದೀಪ ಬಂದ ಮೇಲೆ ಮೂವರೂ ಮೆರವಣಿಗೆಯಲ್ಲಿ ದಾಟಿದೆವು.

ಇನ್ನೊಂದು ಚಟ ಕಿಟಕಿಯದು. ಹೊರಗೆ ಹಲ್ಲು ಕಡಿಸುವ ಚಳಿ ಇರುತ್ತದೆ, ಒಳಗೆ ಹೀಟರ್ ಹಾಕಿ ಕೋಣೆ ಬೆಚ್ಚಗೆ ಮಾಡಿರುತ್ತಾರೆ, ಆಮೇಲೆ ಎಲ್ಲ ಕಿಟಕಿಗಳನ್ನೂ ಪೂರ್ತಿ ತೆರೆದುಬಿಡುತ್ತಾರೆ. ಗಾಳಿ ಬದಲಾಗಬೇಕಂತೆ. ದಾನೇಶ್ವರಿ ಎರಡು ಸ್ವೆಟರಿನ ಮೇಲೆ ಲ್ಯಾಬ್ ಕೋಟು ತೊಟ್ಟು ಗೋಣಿಚೀಲದ ಹಾಗೆ ಕಾಣುತ್ತಿದ್ದಳು.

ಲ್ಯಾಬಿನಲ್ಲಿ

ಹೈಕೆ ಎತ್ತರದ, ತೆಳ್ಳಗಿನ, ನನ್ನ ವಯಸ್ಸಿನ ಹೆಂಗಸು. ಪ್ರಯಾಣ ಹೇಗಿತ್ತು ಎಂದು ಕೇಳುವ ಮೊದಲೇ ಕೆಲಸದ ಮಾತು ಶುರು. “ದಾನೇಶ್ವರಿ ಪ್ರಯೋಗವನ್ನು ತನ್ನ ಕೈಯಿಂದ ಮಾಡಬಾರದು. ಅವಳು ಮಾಡಿದರೆ ಅದು ಧಾರವಾಡದ ಪ್ರಯೋಗವೇ ಆಗುತ್ತದೆ. ಲೇಖನದಲ್ಲಿ ಬರೆದದ್ದನ್ನು ಓದಿ ನಮ್ಮವರು ಮಾಡಬೇಕು. ಅವಳು ನೋಡಲಿ.” ಮಾತು ನ್ಯಾಯವಾದದ್ದೇ.

ಮಾಡುವವನು ಯೊನಾಸ್, ಹೈಕೆಯ ಲ್ಯಾಬಿನ ಸಂಶೋಧಕ. ಬಂಗಾರ ಬಣ್ಣದ ಗಡ್ಡ, ಮೃದು ಮಾತು. ಅವನ ಮೇಜನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ಓರಣವಾಗಿ ನನ್ನ ದೇವರ ಜಗಲಿಯೂ ಇರುವುದಿಲ್ಲ. ದಾನೇಶ್ವರಿಯನ್ನು ಅವನ ಬಳಿ ಬಿಟ್ಟು ನಾನು ಹೈಕೆಯ ಕೋಣೆಯಲ್ಲಿ ಹಳೆಯ ಗ್ರಾಫುಗಳನ್ನು ಹರಡಿಕೊಂಡು ಕೂತೆ.

ಅವನು ಮಾಡಿದ ಮೊದಲ ಸೆಲ್ಲುಗಳು ಮರುದಿನ ಬೆಳಗಾಗುವಷ್ಟರಲ್ಲಿ ಸತ್ತವು. ಎರಡನೆಯ ಸಲ ಮಾಡಿದವೂ ಸತ್ತವು. ಅದೇ ಉಪ್ಪು, ನಾವೇ ತಂದ ಅಂಟು. ನಾನು ಅವರ ನೀರಿನ ಮೇಲೆ ಸಂಶಯಪಟ್ಟೆ. ಆಮೇಲೆ ಅವರ ತಗಡಿನ ಮೇಲೆ. ಕೊನೆಗೆ ಆ ದರಿದ್ರ ಕಿಟಕಿಗಳ ಮೇಲೆ. ಹೈಕೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿ ಎಲ್ಲಕ್ಕೂ ಅಳತೆ ತೋರಿಸಿ ಇಲ್ಲವೆಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನ ಪಾಡು ಹಾಗಾಗಿತ್ತು.

“ನೀವು ಹೊರಡುವುದರೊಳಗೆ ಒಂದು ಸೆಲ್ಲಾದರೂ ನಡೆಯಬೇಕು” ಎಂದರು ಹೈಕೆ. “ಇಲ್ಲದಿದ್ದರೆ ಪತ್ರಿಕೆಗೆ ನಾನೇ ಬರೆಯುತ್ತೇನೆ. ನನಗೂ ಬೇಸರವೇ.”

ದಾನೇಶ್ವರಿ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ದಿಗಿಲು ಹುಟ್ಟಿಸಿತು. ಧಾರವಾಡದಲ್ಲಿ ಕರೆಂಟು ಹೋದರೂ ಅವಳ ಮಾತು ಹೋಗುತ್ತಿರಲಿಲ್ಲ. ಇಲ್ಲಿ ಯೊನಾಸ್ ಏನು ತೋರಿಸಿದರೂ “ವೆರಿ ನೈಸ್” ಎಂದು ಕತ್ತು ಆಡಿಸುತ್ತಿದ್ದಳು. ಹುಡುಗಿಯ ಧೈರ್ಯವೇ ಕುಸಿದಿದೆ ಎಂದುಕೊಂಡೆ.

ಭಾನುವಾರ, ಹೈಕೆಯ ಮನೆ

ಇಷ್ಟಾದರೂ ಹೈಕೆ ನಮ್ಮನ್ನು ಭಾನುವಾರ ಮನೆಗೆ ಕರೆದರು. ಕೆಲಸದ ಜಗಳ ಬೇರೆ, ಊಟ ಬೇರೆ ಎನ್ನುವುದು ಅವರ ಲೆಕ್ಕ. ಪೇಢೆ ಹೋದ ದುಃಖಕ್ಕೆ ದಾನೇಶ್ವರಿ ತಾನೇ ಅಡುಗೆ ಮಾಡುವುದಾಗಿ ಹಟ ಹಿಡಿದಳು. ಜೋಳದ ಹಿಟ್ಟು, ಕಡಲೆಹಿಟ್ಟು, ಖಾರಪುಡಿ ಎಲ್ಲ ಚೀಲದಲ್ಲಿ ಬಂದಿದ್ದವು. ರೊಟ್ಟಿ, ಜೊತೆಗೆ ಕಡಲೆಹಿಟ್ಟಿನ ಖಾರದ ಪಲ್ಯ, ಝುಣಕ.

ರೊಟ್ಟಿ ಬಡಿಯತೊಡಗಿ ಸ್ವಲ್ಪ ಹೊತ್ತಿಗೆ ಬಾಗಿಲ ಗಂಟೆ ಹೊಡೆಯಿತು. ಕೆಳಗಿನ ಮನೆಯಾತ. ಭಾನುವಾರ ಅಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಸದ್ದಿನ ಕೆಲಸ ಯಾವುದೂ ಕೂಡದು. ಹೈಕೆ ಮನೆ ರಿಪೇರಿ ಮಾಡಿಸುತ್ತಿದ್ದಾರೆ ಎಂದು ಅವನು ತಿಳಿದಿದ್ದ. ಒಳಗೆ ಕರೆದು ರೊಟ್ಟಿ ಬಡಿಯುವುದನ್ನು ತೋರಿಸಿದೆವು. ಕೈ ಕಟ್ಟಿಕೊಂಡು ಎರಡು ರೊಟ್ಟಿ ಮುಗಿಯುವವರೆಗೆ ನೋಡಿ, “ಇನ್ನು ಎಷ್ಟು ಇವೆ?” ಎಂದು ಕೇಳಿ, ಉತ್ತರ ತಿಳಿದುಕೊಂಡು ಕೆಳಗೆ ಹೋದ. ಒಂದು ರೊಟ್ಟಿ ಕೊಡಹೋದರೆ ಬೇಡವೆಂದ.

ಊಟಕ್ಕೆ ಹೈಕೆಯ ತಾಯಿ ಬಂದು ಕೂತರು. ತೊಂಬತ್ತರ ಹತ್ತಿರದ ಅಜ್ಜಿ, ತುಟಿಗೆ ಬಣ್ಣ, ಕೊರಳಲ್ಲಿ ಮುತ್ತಿನ ಸರ. ದಾನೇಶ್ವರಿ ಅವರ ತಟ್ಟೆಗೆ ಝುಣಕ ಬಡಿಸಿ ಎದುರಿಗೇ ನಿಂತಳು. ಅಜ್ಜಿ ಒಂದು ತುತ್ತು ತಿಂದು, ನೀರು ಕುಡಿದು, ಜರ್ಮನ್ ಭಾಷೆಯಲ್ಲಿ ಏನೋ ಹೇಳಿದರು. ಹೈಕೆ ಹೇಳಿದ್ದನ್ನು ಹೇಳಿದ ಹಾಗೆ ಇಂಗ್ಲಿಷಿಗೆ ತಂದರು.

“ತುಂಬ ಖಾರ. ಉಪ್ಪೂ ಜಾಸ್ತಿ. ನನಗೆ ಇದು ಇಷ್ಟವಾಗಲಿಲ್ಲ, ತಿನ್ನುವುದಿಲ್ಲ. ಈ ರೊಟ್ಟಿ ಮಾತ್ರ ಚೆನ್ನಾಗಿದೆ. ಇನ್ನೊಂದು ಕೊಡು.”

ನಾನು ತಟ್ಟೆಯೊಳಗೆ ಮುಖ ಹುದುಗಿಸಿದೆ. ನಮ್ಮ ಕಡೆ ಇಂಥ ಮಾತಿಗೆ ಎರಡು ಮನೆತನಗಳ ನಡುವೆ ಹೋಗಿಬರುವುದೇ ನಿಲ್ಲುತ್ತದೆ. ಆದರೆ ಅಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಅಜ್ಜಿ ರೊಟ್ಟಿಗೆ ಬೆಣ್ಣೆ ಸವರಿ ಖುಷಿಯಿಂದ ತಿಂದರು. ಎದ್ದು ಹೋಗುವಾಗ ದಾನೇಶ್ವರಿಯ ಕೆನ್ನೆ ಸವರಿ, ನಾಳೆಯೂ ಬಾ ಎಂದರು. ಅವಳು ಅಜ್ಜಿಯನ್ನು ಕಣ್ಣು ಪಿಳುಕಿಸದೆ ನೋಡುತ್ತಿದ್ದಳು.

ಬಸ್ ಸ್ಟಾಪಿನಲ್ಲಿ

ಬಸ್ಸಿಗೆ ಕಾಯುವಾಗ ಅವಳು ತಾನಾಗಿಯೇ ಬಾಯಿ ಬಿಟ್ಟಳು.

“ಮೇಡಂ, ಇಲ್ಲೆ ಹಿಂಗ ಮಾರಿ ಮ್ಯಾಲೆ ಹೇಳಿದ್ರೂ ನಡೀತದೇನ್ರಿ? ಅಜ್ಜಿ ಸಿಟ್ಟಿಲೆ ಹೇಳಲಿಲ್ಲ. ಕೆನ್ನಿ ಬ್ಯಾರೆ ಸವರಿದ್ರು.”

“ನಡೀತದ ಅಂತ ಕಾಣತೈತವಾ.”

“ಹಂಗಾದ್ರ ಒಂದ ಹೇಳತೇನ್ರಿ. ಯೊನಾಸ್ ಸಾರು ಮಾಡೂದು ತಪ್ಪೈತಿ.”

“ತಪ್ಪು ಹೆಂಗ?” ಎಂದೆ.

“ಅಂಟು ಹಾಕಿದ ಕೂಡಲೇ ಮಷಿನ್ನಿಗೆ ಹಚ್ಚಿ ತಿರುವತಾನ್ರಿ. ಒಂದು ತಾಸಿನ್ಯಾಗ ತಗದು ಸೋಸತಾನ. ಅವರ ಲ್ಯಾಬಿನ್ಯಾಗ ಎಲ್ಲಾ ಸೋಸೂದು ರೂಢಿ ಅಂತ. ಕಾಜಿನಂಗ ತಿಳಿ ಆಗತೈತ್ರಿ. ಅಂಟೆಲ್ಲಾ ಸೋಸೂ ಹಾಳ್ಯಾಗ ಕುಂತ ಬಿಡತೈತಿ. ನಾವು ಹಿಂದಿನ ದಿನಾ ಸಂಜಿಕೆ ನೆನಿ ಹಾಕತೇವಲ್ರಿ? ಅಂವ ನೆನಸೂದ ಇಲ್ಲ.”

“ಇದನ್ನ ಯಾವಾಗ ನೋಡಿದಿ?”

“ಮೊದಲನೇ ದಿನಾನ ನೋಡೇನ್ರಿ.”

ನನ್ನ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ನಾನು ನೀರು, ತಗಡು, ಗಾಳಿ ಎಂದು ಹೈಕೆಯ ಎದುರು ಮಾನ ಕಳೆದುಕೊಂಡಿದ್ದೆ. “ಮತ್ತ ಯಾಕ ಹೇಳಲಿಲ್ಲ? ನಿನ್ನ ಪಿಎಚ್.ಡಿ. ಮುಳುಗಿ ಹೋಗೂದಿತ್ತಲ್ಲ!” ಎಂದು ಕೂಗಿದೆ. ಬೆಂಚಿನ ಮೇಲಿದ್ದ ಮುದುಕಿಯೊಬ್ಬಳು ಸರಿದು ಕೂತಳು.

“ಬೀಗರ ಮನ್ಯಾಗ ತಪ್ಪು ತಗೀಬ್ಯಾಡ ಅಂದಿದ್ರಲ್ರಿ ನೀವು. ಎದಿಯೊಳಗ ಕುದೀತಿತ್ರಿ, ಆದರ ಅವರ ಲ್ಯಾಬು, ಅವರ ಮೇಜು. ಛಲೋ ಆಗೇತಿ ಅಂದೆ.”

ಆ ಉಪದೇಶ ನನ್ನದೇ. ಅವಳನ್ನು ಬೈಯುವ ಮುಖ ನನಗೆಲ್ಲಿತ್ತು? ಬಸ್ಸು ಹೇಳಿದ ನಿಮಿಷಕ್ಕೆ ಬಂತು. ನಾವು ಹತ್ತಿ ಕೂತೆವು. ದಾರಿಯುದ್ದಕ್ಕೂ ಅವಳ ಕೈ ಹಿಡಿದುಕೊಂಡೇ ಇದ್ದೆ.

ಸೋಮವಾರ ಮತ್ತು ಆಮೇಲೆ

ಬೆಳಗ್ಗೆ ಯೊನಾಸ್‌ನ ಮೇಜಿನ ಮುಂದೆ ನಿಂತು ದಾನೇಶ್ವರಿ ಇಂಗ್ಲಿಷಿನಲ್ಲಿ ಹೇಳಿದಳು. “ನೀವು ಸೋಸಿದ್ದು ತಪ್ಪು. ರಾತ್ರಿಯಿಡೀ ನೆನೆಸಬೇಕಿತ್ತು.”

ನಾನು ಬಾಗಿಲ ಹತ್ತಿರ ನಿಂತಿದ್ದೆ. ಯೊನಾಸ್‌ಗೆ ಸಿಟ್ಟು ಬರಲಿಲ್ಲ. ಅವನು ಕಸದ ಡಬ್ಬಿಯಿಂದ ಹಳೆಯ ಸೋಸುವ ಹಾಳೆಯನ್ನು ಇಕ್ಕಳದಲ್ಲಿ ಎತ್ತಿ ಬೆಳಕಿಗೆ ಹಿಡಿದ. ಅದರ ಮೇಲೆ ಲೋಳೆಯ ಪದರ. ನಮ್ಮ ಅಂಟು ಅಲ್ಲಿತ್ತು. ಅವನ ಸೆಲ್ಲುಗಳಿಗೆ ಹೋಗಿದ್ದು ಹೆಚ್ಚುಕಡಿಮೆ ಬರೀ ಉಪ್ಪುನೀರು.

ಅವನು ನೊಂದದ್ದು ಬೇರೆಯದಕ್ಕೆ. “ನಾನು ತಪ್ಪು ಮಾಡುತ್ತಿದ್ದಾಗ ನೀವು ನೈಸ್ ಅಂದಿರಿ. ಯಾಕೆ?” ಎಂದು ಕೇಳಿದ. ನಿಜವಾಗಿಯೂ ತಿಳಿಯದೆ ಕೇಳಿದ. ನೀನು ಇಲ್ಲಿಯ ಹಿರಿಯ, ನಾನು ಹೊರಗಿನವಳು ಎಂದು ಅವಳು ವಿವರಿಸಲು ನೋಡಿದಳು. ಅವನಿಗೆ ಅರ್ಥವಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನು ನಮ್ಮ ಲೇಖನವನ್ನು ತೆರೆದು ಇನ್ನೊಂದು ಪ್ರಶ್ನೆ ಹಾಕಿದ.

“ರಾತ್ರಿಯಿಡೀ ನೆನೆಸಬೇಕು ಎಂದು ಇದರಲ್ಲಿ ಎಲ್ಲಿ ಬರೆದಿದ್ದೀರಿ?”

ನಾನೂ ದಾನೇಶ್ವರಿಯೂ ಪುಟ ತಿರುವಿ ಹುಡುಕಿದೆವು. ಬರೆದಿರಲಿಲ್ಲ. ಬರೆಯಬೇಕೆಂದು ಹೊಳೆದೂ ಇರಲಿಲ್ಲ. ನಮ್ಮಲ್ಲಿ ಸಂಜೆ ಅಂಟು ಹಾಕಿ, ಮುಚ್ಚಳ ಮುಚ್ಚಿ ಮನೆಗೆ ಹೋಗುತ್ತೇವೆ, ಬೆಳಗ್ಗೆ ಬಂದು ಸೆಲ್ ತುಂಬುತ್ತೇವೆ. ರಾತ್ರಿ ಮಲಗುವ ಮುಂಚೆ ಕಾಳು ನೆನೆಹಾಕುವ ಹೆಂಗಸು ಅದನ್ನು ಅಡುಗೆಯ ಭಾಗವೆಂದು ಎಣಿಸುವುದಿಲ್ಲ. ಚವಳಿ ಅಂಟಿನ ಎಳೆಗಳು ಉಪ್ಪುನೀರಿನಲ್ಲಿ ನಿಧಾನವಾಗಿ ಬಿಚ್ಚಿಕೊಳ್ಳುತ್ತವೆ. ಅವಸರ ಮಾಡಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಗಂಟುಗಳಾಗಿ ಉಳಿಯುತ್ತವೆ. ಇದನ್ನು ನಾನು ತರಗತಿಯಲ್ಲಿ ಪಾಠ ಮಾಡುತ್ತೇನೆ, ಲೇಖನದಲ್ಲಿ ಮಾತ್ರ ಬರೆದಿರಲಿಲ್ಲ.

ಆ ಸಂಜೆ ಯೊನಾಸ್ ಅಂಟು ಹಾಕಿ, ಮುಚ್ಚಿ, ಮನೆಗೆ ಹೋದ. ಮರುದಿನ ಸಾರು ಗಂಜಿಯಂತೆ ಮಸುಕಾಗಿ ದಪ್ಪಗಿತ್ತು. ಸೋಸದೆ ತುಂಬುವಾಗ ಅವನ ಮುಖ ನೋಡಬೇಕಿತ್ತು, ಕೆಸರು ಕಾಲಲ್ಲಿ ದೇವರ ಮನೆಗೆ ಹೋಗು ಎಂದು ಹೇಳಿದ ಹಾಗೆ.

ಮೊದಲ ರಾತ್ರಿ ಕಳೆಯಿತು, ಸೆಲ್ ಬದುಕಿತ್ತು. ಇನ್ನೊಂದು ರಾತ್ರಿ ಕಳೆಯಿತು. ಹೈಕೆ ದಿನವೂ ಬೆಳಗ್ಗೆ ಬಂದು ಪರದೆಯ ಮೇಲೆ ಸೆಲ್ಲಿನ ಚಾರ್ಜ್ ತೋರಿಸುವ ಗೆರೆ ನೋಡಿ ಹೋಗುತ್ತಿದ್ದರು. ದಾನೇಶ್ವರಿ ಆ ಪರದೆಯ ಮುಂದೆಯೇ ಕೂತು ಬ್ರೆಡ್ ತಿನ್ನುತ್ತಿದ್ದಳು. ನಾವು ಹೊರಡುವ ಹಿಂದಿನ ದಿನ ಹೈಕೆ ಎಂದಿಗಿಂತ ಹೆಚ್ಚು ಹೊತ್ತು ನಿಂತರು. “ನಡೆಯುತ್ತಿದೆ. ಲೇಖನ ಇರಲಿ. ನೆನೆಸುವುದನ್ನೂ ಸೋಸಬಾರದೆಂಬುದನ್ನೂ ಸೇರಿಸಿ ತಿದ್ದೋಣ” ಎಂದರು. ಅಷ್ಟೇ. ಜೊತೆಗೆ, ಅಂಟು ದಿನ ಕಳೆದಂತೆ ಹಳಸೀತು, ಅದಕ್ಕೆ ಏನು ಮಾಡುತ್ತೀರಿ ಎಂದೂ ಕೇಳಿದರು. ದಾನೇಶ್ವರಿ ನೋಡುತ್ತೇನೆ ಎಂದು ತಲೆಯಾಡಿಸಿ, ಶೌಚಾಲಯಕ್ಕೆ ಹೋಗಿ, ಮುಖ ತೊಳೆದುಕೊಂಡು ಬಂದಳು. ನಾನು ಅತ್ತದ್ದು ಎಲ್ಲರೆದುರಿಗೇ.

ಹೊರಡುವ ದಿನ

ಚೀಲ ಕಟ್ಟಿ ರೈಲಿಗೆ ಹೋಗುವ ಮುನ್ನ ಲ್ಯಾಬಿಗೆ ಹೋದೆವು. ಗೆರೆ ಇನ್ನೂ ನಡೆಯುತ್ತಿತ್ತು. ಹೈಕೆ ಕೈ ಕುಲುಕಿದರು. ಆಮೇಲೆ ದಾನೇಶ್ವರಿಯ ಕಡೆ ತಿರುಗಿ, “ಇಷ್ಟು ದಿನ ಸುಮ್ಮನೆ ನಿಂತು ಎಲ್ಲ ನೋಡಿದ್ದೀರಿ. ನಾವು ಇನ್ನೇನು ತಪ್ಪು ಮಾಡುತ್ತೇವೆ? ಹೇಳಿ ಹೋಗಿ” ಎಂದರು.

ಅವಳು ನನ್ನ ಮುಖ ನೋಡಿದಳು.

“ಹೇಳವಾ, ಹೇಳಿಬಿಡು” ಎಂದೆ.

ಹೇಳಿದಳು. ತಗಡು ಉಜ್ಜಿದ ಮೇಲೆ ಗಾಳಿಗೆ ಬಿಡುವುದು ಸರಿಯಲ್ಲ. ಉಪ್ಪಿನ ಡಬ್ಬಿ ತೆರೆದಿಟ್ಟರೆ ಹಸಿ ಹಿಡಿಯುತ್ತದೆ. ಸೆಲ್ಲುಗಳನ್ನು ಕಿಟಕಿಯ ಬದಿಗೆ ಇಡುತ್ತೀರಿ, ಕಿಟಕಿ ತೆರೆದಾಗಲೆಲ್ಲ ತಣ್ಣಗಾಗುತ್ತವೆ. ಮೊದಲು ತಡವರಿಸಿದ ಇಂಗ್ಲಿಷು ಬರಬರುತ್ತಾ ಹುಬ್ಬಳ್ಳಿ ಬಸ್ಸಿನ ವೇಗ ಹಿಡಿಯಿತು. ಯೊನಾಸ್ ಕೆಲವಕ್ಕೆ ಹೌದೆಂದ, ಕೆಲವಕ್ಕೆ ಜಗಳಾಡಿದ, ಅವಳೂ ಬಿಡಲಿಲ್ಲ. ಧಾರವಾಡದ ದಾನೇಶ್ವರಿ ವಾಪಸ್ ಬಂದಿದ್ದಳು. ನಾನು ಗಡಿಯಾರ ನೋಡುವಷ್ಟರಲ್ಲಿ ರೈಲು ಹೋಗಿತ್ತು. ಇನ್ನೊಂದು ಇದೆ, ಕೂತುಕೊಳ್ಳಿ ಎಂದರು ಹೈಕೆ.

ಕಾಫಿ ಬಂತು. ಯೊನಾಸ್ ನಗುತ್ತಾ ಕೇಳಿದ, “ಧಾರವಾಡದಲ್ಲಿ ತಪ್ಪುಗಳೇ ಇಲ್ಲವೇ?”

ಅವಳು ಕಪ್ಪು ಕೆಳಗಿಟ್ಟಳು. ಅಷ್ಟು ಹೊತ್ತಿಗೆ ನಾನು ಉಬ್ಬಿ ಹೋಗಿದ್ದೆ. “ಅದನ್ನೂ ಹೇಳು, ನನಗೇನು ಅಂಜಿಕಿ?” ಎಂದೆ.

“ಕನ್ನಡದಾಗ ಹೇಳತೇನ್ರಿ ಮೇಡಂ” ಎಂದಳು. “ನೀವು ಸೆಲ್ಲಿನ ತಿರುಪು ಬಾಳ ಬಿಗಿ ಮಾಡತೀರಿ. ಒಳಗಿನ ಹಾಳಿ ಹಿಚುಕಿ ಸಾರೆಲ್ಲಾ ಹೊರಗ ಬರತೈತಿ. ನೀವು ಮನಿಗೆ ಹೋದ ಮ್ಯಾಲೆ ನಿಮ್ಮ ಸೆಲ್ಲೆಲ್ಲಾ ನಾ ಬಿಚ್ಚಿ ಮತ್ತ ಕೂಡಸತೇನ್ರಿ.”

“ಯಾವಾಗಿಂದ?”

“ನಾ ಲ್ಯಾಬಿಗೆ ಬಂದ ಮೊದಲನೇ ವಾರದಿಂದರಿ.”

ಏನಂದಳು ಎಂದು ಹೈಕೆ ಕೇಳಿದರು. ಏನೂ ಇಲ್ಲ, ಎಲ್ಲ ಚೆನ್ನಾಗಿದೆ ಅಂದಳು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ಅವಳು ಹೇಳಿದ್ದನ್ನು ಪೂರ್ತಿ ಇಂಗ್ಲಿಷಿನಲ್ಲಿ ಹೇಳಿದೆ.